ಆಪ್‌ನಲ್ಲಿ ಎನ್‌ಎಫ್‌ಸಿ ಮೆಸೇಜ್ ಓದುವುದು, ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಎಫ್‌ಸಿ ಟ್ಯಾಗ್ (ಫೋನ್ ತಾಗಿಸಿದರೆ ಓದಲು ಸಿಗುವ ಪುಟ್ಟ ಚಿಪ್) ಓದುವ ಆಪ್‌ನ ಮೊದಲ ಡೆಮೊ ಬೇಗ ಕೈಗೆ ಸಿಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಬೇರೆ ಯಾರೋ ಬರೆದ ಟ್ಯಾಗ್ ಬರುತ್ತದೆ, ಓದುತ್ತಿರುವಾಗಲೇ ಫೋನ್ ಸರಿಯುತ್ತದೆ, ಒಂದೇ ಟ್ಯಾಗ್‌ಗೆ ಎರಡು ಆಪ್‌ಗಳು ಪೈಪೋಟಿಗೆ ನಿಲ್ಲುತ್ತವೆ. ಇಲ್ಲಿನ ಉತ್ತರಗಳು ಹೆಚ್ಚಾಗಿ ಇಂಥ ಜಾಗಗಳ ಬಗ್ಗೆ. ಆಂಡ್ರಾಯ್ಡ್ ಬಗ್ಗೆ ಜಾಸ್ತಿ ಬರೆದಿದ್ದೇನೆ, ಏಕೆಂದರೆ ಅಲ್ಲಿ ಆಪ್ ಬರೆಯುವವರ ಪಾಲಿಗೆ ಬರುವ ಕೆಲಸವೂ ಜಾಸ್ತಿ. ಐಫೋನ್ ವಿಷಯ ಕೆಳಗೆ ಬರುತ್ತದೆ.

## ಎನ್‌ಎಫ್‌ಸಿ, ಎನ್‌ಡಿಇಎಫ್ ಎರಡೂ ಒಂದೇನಾ?

ಅಲ್ಲ. ಎನ್‌ಎಫ್‌ಸಿ ಅನ್ನುವುದು ರೇಡಿಯೋ ಸಂಪರ್ಕ. 13.56 ಮೆಗಾಹರ್ಟ್ಸ್‌ನಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ನಡೆಯುತ್ತದೆ. ಎನ್‌ಡಿಇಎಫ್ ಅನ್ನುವುದು ಆ ಸಂಪರ್ಕದ ಮೇಲೆ ಬರುವ ಡೇಟಾವನ್ನು ಜೋಡಿಸುವ ರೀತಿ. ಇದನ್ನು ಗೊತ್ತುಮಾಡಿದ್ದು ಎನ್‌ಎಫ್‌ಸಿ ಫೋರಂ. ನೋಕಿಯಾ, ಫಿಲಿಪ್ಸ್, ಸೋನಿ ಸೇರಿ 2004ರಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿದವು.

ಟ್ಯಾಗ್‌ಗಳಲ್ಲಿ ಟೈಪ್ 1ರಿಂದ ಟೈಪ್ 5ರವರೆಗೆ ಐದು ಬಗೆ. ಒಳಗಿನ ಮೆಮೊರಿ, ಮಾತಾಡುವ ಪ್ರೋಟೊಕಾಲ್ ಎಲ್ಲ ಬೇರೆ ಬೇರೆ. ಆದರೆ ಎಲ್ಲದರಲ್ಲೂ ಎನ್‌ಡಿಇಎಫ್ ಮೆಸೇಜ್ ಒಂದೇ ರೂಪದಲ್ಲಿರುತ್ತದೆ. ಅದಕ್ಕೇ ನಿಮ್ಮ ಆಪ್‌ಗೆ ಬರೀ ಮೆಸೇಜ್ ಸಾಕಾದರೆ ಚಿಪ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಂದು ಎಚ್ಚರಿಕೆ: ಮೈಫೇರ್ ಕ್ಲಾಸಿಕ್ ಚಿಪ್ ಈ ಐದರಲ್ಲಿ ಸೇರುವುದಿಲ್ಲ. ಅದರಲ್ಲೂ ಎನ್‌ಡಿಇಎಫ್ ಬರೆಯಬಹುದು, ಆದರೆ ಕೆಲವು ಫೋನ್‌ಗಳು ಮಾತ್ರ ಓದುತ್ತವೆ. ಎಲ್ಲರ ಫೋನ್‌ನಲ್ಲೂ ನಡೆಯಬೇಕು ಅಂದರೆ ಅದನ್ನು ಕೊಳ್ಳಬೇಡಿ.

## ಮೆಸೇಜ್ ಒಳಗೆ ನಿಜವಾಗಿ ಏನಿರುತ್ತದೆ?

ಒಂದು ಮೆಸೇಜ್‌ನಲ್ಲಿ ಒಂದೋ ಹೆಚ್ಚೋ ರೆಕಾರ್ಡ್‌ಗಳು ಇರುತ್ತವೆ. ಪ್ರತಿ ರೆಕಾರ್ಡ್‌ನ ಮೊದಲ ಬೈಟ್‌ನಲ್ಲೇ ಅರ್ಧ ಕಥೆ ಇದೆ. ಆ ಬೈಟ್‌ನ ಮೇಲಿನ ಐದು ಬಿಟ್‌ಗಳು ಐದು ಮಾತು ಹೇಳುತ್ತವೆ. ಇದು ಮೆಸೇಜ್‌ನ ಮೊದಲ ರೆಕಾರ್ಡಾ? ಕೊನೆಯದಾ? ಡೇಟಾ ತುಂಡಾಗಿ ಬಂದಿದೆಯಾ? ಉದ್ದವನ್ನು ಒಂದೇ ಬೈಟ್‌ನಲ್ಲಿ ಬರೆದಿದೆಯಾ? ಐಡಿ ಇದೆಯಾ? ಉಳಿದ ಮೂರು ಬಿಟ್‌ಗಳೇ ಟಿಎನ್‌ಎಫ್. ಟೈಪ್ ಯಾವ ಜಾತಿಯದು ಅಂತ ಅದು ತಿಳಿಸುತ್ತದೆ.

ಒಂದು ವೆಬ್ ವಿಳಾಸದ ರೆಕಾರ್ಡನ್ನು ಬಿಚ್ಚಿ ನೋಡೋಣ. ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಭಾಗ ಬಿಟ್ಟು 11 ಅಕ್ಷರ ಇದೆ ಅಂದುಕೊಳ್ಳಿ. ಬೈಟ್‌ಗಳನ್ನು ಸಾಮಾನ್ಯ ಸಂಖ್ಯೆಯಲ್ಲಿ ಬರೆದರೆ ಹೀಗೆ ಕಾಣುತ್ತದೆ:

209, 1, 12, 85, 4, ಆಮೇಲೆ ಆ 11 ಅಕ್ಷರಗಳು.

209 ಅಂದರೆ ಬಿಟ್‌ಗಳಲ್ಲಿ 11010001. ಮೊದಲ ರೆಕಾರ್ಡೂ ಹೌದು, ಕೊನೆಯದೂ ಹೌದು, ತುಂಡಾಗಿಲ್ಲ, ಉದ್ದ ಒಂದೇ ಬೈಟ್, ಐಡಿ ಇಲ್ಲ, ಟಿಎನ್‌ಎಫ್ 1. ಮುಂದಿನ 1 ಟೈಪ್‌ನ ಉದ್ದ. 12 ಪೇಲೋಡ್‌ನ, ಅಂದರೆ ರೆಕಾರ್ಡ್ ಹೊತ್ತಿರುವ ಡೇಟಾದ ಉದ್ದ. 85 ಅಂದರೆ ಇಂಗ್ಲಿಷ್‌ನ ‘ಯು’ ಅಕ್ಷರ, ಯುಆರ್‌ಐ (ವಿಳಾಸ) ರೆಕಾರ್ಡ್‌ನ ಗುರುತು. 4 ಅನ್ನುವುದು ‘ಎಚ್‌ಟಿಟಿಪಿಎಸ್’ ಮತ್ತು ಅದರ ನಂತರದ ಚಿಹ್ನೆಗಳಿಗೆ ಬದಲಾಗಿ ಇಟ್ಟ ಸಂಕೇತ. ಒಟ್ಟು 16 ಬೈಟ್, ಅಷ್ಟೆ.

ಈ ಲೆಕ್ಕವನ್ನು ಒಂದು ಸಲ ಕಾಗದದ ಮೇಲೆ ನೀವೇ ಮಾಡಿ ನೋಡಿ. ಲೈಬ್ರರಿ ಎಲ್ಲವನ್ನೂ ಮಾಡಿಕೊಡುತ್ತದೆ ನಿಜ. ಆದರೂ ಮುಂದೆ ‘ಯಾಕೆ ಹೀಗೆ ಬಂತು’ ಅಂತ ಹುಡುಕುವಾಗ ಬೈಟ್ ಓದಲು ಬರುವವರಿಗೆ ಕೆಲಸ ಸುಲಭ.

## ವಿಳಾಸ ಓದಿದರೆ ಶುರುವಿನ ‘ಎಚ್‌ಟಿಟಿಪಿಎಸ್’ ಕಾಣೆಯಾಗಿದೆ. ಟ್ಯಾಗ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಪೇಲೋಡನ್ನು ನೀವು ನೇರವಾಗಿ ಸ್ಟ್ರಿಂಗ್ ಮಾಡಿದ್ದೀರಿ, ಅದೇ ಕಾರಣ. ಮೇಲೆ ಹೇಳಿದ ಸಂಕೇತದ ಬೈಟ್ ಜಾಗ ಉಳಿಸಲು ಇರುವುದು. 0 ಅಂದರೆ ಮುಂದೆ ಏನೂ ಸೇರಿಸಬೇಡ, 3 ಅಂದರೆ ‘ಎಚ್‌ಟಿಟಿಪಿ’, 4 ಅಂದರೆ ‘ಎಚ್‌ಟಿಟಿಪಿಎಸ್’, 5 ಅಂದರೆ ಫೋನ್ ನಂಬರ್‌ನ ‘ಟೆಲ್’, 6 ಅಂದರೆ ‘ಮೇಲ್‌ಟು’. ಹೀಗೆ 35ರವರೆಗೆ ಪಟ್ಟಿ ಇದೆ.

ಆಂಡ್ರಾಯ್ಡ್‌ನಲ್ಲಿ ರೆಕಾರ್ಡ್‌ನ ಟುಯುಆರ್‌ಐ ಮೆಥಡ್ ಈ ಕೆಲಸ ಮಾಡುತ್ತದೆ. ಐಫೋನ್‌ನಲ್ಲಿ ವೆಲ್‌ನೋನ್‌ಟೈಪ್‌ಯುಆರ್‌ಐಪೇಲೋಡ್ ಇದೆ. ಅವನ್ನೇ ಬಳಸಿ. ಸುಮ್ನೆ ಸ್ವಂತ ಪಟ್ಟಿ ಬರೆದುಕೊಳ್ಳಬೇಡಿ.

## ಟೆಕ್ಸ್ಟ್ ರೆಕಾರ್ಡ್ ಓದಿದರೆ ಮಾತಿನ ಮುಂದೆ ಎರಡು ಇಂಗ್ಲಿಷ್ ಅಕ್ಷರ ಅಂಟಿಕೊಂಡು ಬರುತ್ತದೆ. ಯಾಕೆ?

ಅದು ಭಾಷೆಯ ಗುರುತು. ಟೆಕ್ಸ್ಟ್ ರೆಕಾರ್ಡ್‌ನ ಪೇಲೋಡ್‌ನಲ್ಲಿ ಮೂರು ಭಾಗ: ಒಂದು ಸ್ಥಿತಿ ಬೈಟ್, ಭಾಷೆಯ ಕೋಡ್, ಆಮೇಲೆ ನಿಜವಾದ ಮಾತು. ಸ್ಥಿತಿ ಬೈಟ್‌ನ ಕೆಳಗಿನ ಆರು ಬಿಟ್‌ಗಳು ಭಾಷೆಯ ಕೋಡ್ ಎಷ್ಟು ಉದ್ದ ಅಂತ ಹೇಳುತ್ತವೆ. ಎಲ್ಲಕ್ಕಿಂತ ಮೇಲಿನ ಬಿಟ್ 0 ಇದ್ದರೆ ಯುಟಿಎಫ್-8, 1 ಇದ್ದರೆ ಯುಟಿಎಫ್-16.

ಇಲ್ಲಿ ಹಲವರು ಬರೆಯುವ ಕೋಡ್ ‘ಮೊದಲ ಮೂರು ಬೈಟ್ ಬಿಟ್ಟು ಉಳಿದದ್ದನ್ನು ತೆಗೆದುಕೋ’ ಅನ್ನುವಂಥದ್ದು. ಭಾಷೆಯ ಕೋಡ್ ಎರಡೇ ಅಕ್ಷರ ಇರುವವರೆಗೆ ಅದು ನಡೆಯುತ್ತದೆ. ದೇಶದ ಗುರುತೂ ಸೇರಿ ಐದು ಅಕ್ಷರ ಆದ ದಿನ ಮಾತು ಕಲಸಿಹೋಗುತ್ತದೆ. ಉದ್ದವನ್ನು ಬೈಟ್‌ನಿಂದಲೇ ಓದಿ: ಮೊದಲ ಬೈಟನ್ನು 63ರ ಜೊತೆ ‘ಆ್ಯಂಡ್’ ಮಾಡಿದರೆ ಸಿಗುತ್ತದೆ. ಸಿಕ್ಕ ಉದ್ದ ಪೇಲೋಡ್‌ಗಿಂತ ದೊಡ್ಡದಿದೆಯಾ ಅಂತಲೂ ನೋಡಿ. ಕೆಟ್ಟ ಟ್ಯಾಗ್‌ನಲ್ಲಿ ಹಾಗೂ ಇರಬಹುದು. ಆಗ ಆಪ್ ಬೀಳಬಾರದು, ‘ಈ ಟ್ಯಾಗ್ ಓದಲು ಆಗಲಿಲ್ಲ’ ಅನ್ನಬೇಕು.

ಜಾವಾ, ಕೋಟ್ಲಿನ್ ಬಳಸುವವರಿಗೆ ಇನ್ನೊಂದು ಮಾತು. ಅಲ್ಲಿ ಬೈಟ್‌ಗೆ ಮೈನಸ್ ಬೆಲೆಯೂ ಇದೆ. ಮೇಲಿನ ಬಿಟ್ 1 ಇದ್ದರೆ ನಿಮ್ಮ ಕೈಗೆ ಬರುವುದು ಮೈನಸ್ ಸಂಖ್ಯೆ. ಮೊದಲು ಇಂಟ್ ಮಾಡಿ, 255ರ ಜೊತೆ ‘ಆ್ಯಂಡ್’ ಮಾಡಿ, ಆಮೇಲೆ ಲೆಕ್ಕ.

## ಕನ್ನಡದಲ್ಲಿ ಬರೆದರೆ ಟ್ಯಾಗ್‌ನಲ್ಲಿ ಜಾಗ ಸಾಕಾಗುತ್ತಾ?

ಚಿಕ್ಕ ಮಾತಾದರೆ ಸಾಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ 3 ಬೈಟ್ ಬೇಕು. ‘ನಮಸ್ಕಾರ’ ಅನ್ನುವುದು ನಮಗೆ ನಾಲ್ಕು ಅಕ್ಷರ. ಆದರೆ ಒಳಗೆ ಏಳು ಕೋಡ್ ಪಾಯಿಂಟ್ ಇವೆ: ನ, ಮ, ಸ, ವಿರಾಮ, ಕ, ಆ-ಕಾರದ ಗುರುತು, ರ. ಅಂದರೆ 21 ಬೈಟ್. ಸ್ಥಿತಿ ಬೈಟ್ 1, ಭಾಷೆಯ ಕೋಡ್ 2, ರೆಕಾರ್ಡ್‌ನ ತಲೆಭಾಗ 4. ಒಟ್ಟು 28 ಬೈಟ್ ಆಯಿತು.

ಎನ್‌ಟ್ಯಾಗ್213 ಚಿಪ್‌ನಲ್ಲಿ ಬಳಕೆಗೆ ಸಿಗುವುದು 144 ಬೈಟ್. ಎನ್‌ಟ್ಯಾಗ್215ರಲ್ಲಿ 504, ಎನ್‌ಟ್ಯಾಗ್216ರಲ್ಲಿ 888. ಇದರಲ್ಲೂ ಮೆಸೇಜನ್ನು ಸುತ್ತುವ ಕೆಲವು ಬೈಟ್‌ಗಳು ಹೋಗುತ್ತವೆ. ಉದ್ದನೆಯ ವಿವರಣೆಯನ್ನು ಟ್ಯಾಗ್‌ನಲ್ಲಿ ತುರುಕುವ ಬದಲು ಒಂದು ಗುರುತಿನ ಸಂಖ್ಯೆ ಬರೆದು, ವಿವರವನ್ನು ಸರ್ವರ್‌ನಿಂದಲೋ ಆಪ್ ಒಳಗಿಂದಲೋ ತರುವುದು ಒಳ್ಳೆಯದು. ಮುಂದೆ ಮಾತು ಬದಲಿಸಬೇಕಾದರೂ ಟ್ಯಾಗ್ ಮುಟ್ಟಬೇಕಾಗುವುದಿಲ್ಲ.

ಯುಟಿಎಫ್-16ರಲ್ಲಿ ಕನ್ನಡಕ್ಕೆ 2 ಬೈಟ್ ಸಾಕು ಅನ್ನುವುದು ನಿಜ. ಆದರೆ ಅದನ್ನು ಸರಿಯಾಗಿ ಓದದ ಆಪ್‌ಗಳು ಇವೆ. ಉಳಿಯುವ ಜಾಗಕ್ಕಾಗಿ ಆ ತಲೆನೋವು ಬೇಡ ಅನ್ನುವುದು ನನ್ನ ಅಭಿಪ್ರಾಯ.

## ನನ್ನ ಸ್ವಂತ ಡೇಟಾಗೆ ಯಾವ ಬಗೆಯ ರೆಕಾರ್ಡ್ ಆರಿಸಲಿ?

ಟಿಎನ್‌ಎಫ್‌ನಲ್ಲಿ ನಿಮಗೆ ಬೇಕಾಗುವ ಬೆಲೆಗಳು ಮೂರು. 1 ಅಂದರೆ ಎಲ್ಲರಿಗೂ ಗೊತ್ತಿರುವ ಬಗೆ, ಅಂದರೆ ಯುಆರ್‌ಐ, ಟೆಕ್ಸ್ಟ್ ಇತ್ಯಾದಿ. 2 ಅಂದರೆ ಮೈಮ್ ಟೈಪ್, ಅಂದರೆ ಡೇಟಾ ಚಿತ್ರವೋ ಪಠ್ಯವೋ ಅಂತ ಹೇಳುವ ಗುರುತು. 4 ಅಂದರೆ ಎಕ್ಸ್‌ಟರ್ನಲ್, ಅಂದರೆ ನಿಮ್ಮ ಡೊಮೇನ್ ಹೆಸರಿನ ಅಡಿಯಲ್ಲಿ ನೀವೇ ಕಟ್ಟಿಕೊಂಡ ಬಗೆ.

ಸ್ವಂತ ಡೇಟಾಗೆ ಎಕ್ಸ್‌ಟರ್ನಲ್ ಆರಿಸಿ. ಡೊಮೇನ್ ನಿಮ್ಮದೇ ಆಗಿರುವುದರಿಂದ ಬೇರೆಯವರ ಬಗೆಯ ಜೊತೆ ಡಿಕ್ಕಿ ಆಗುವುದಿಲ್ಲ. ಹೆಸರನ್ನು ಪೂರ್ತಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಯಾವ ಟ್ಯಾಗ್‌ಗೆ ನಿಮ್ಮ ಆಪ್ ಏಳಬೇಕು ಅಂತ ಹೇಳುವ ಆಂಡ್ರಾಯ್ಡ್‌ನ ಫಿಲ್ಟರ್ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅಂತ ನೋಡುತ್ತದೆ. ಒಂದೇ ಒಂದು ದೊಡ್ಡಕ್ಷರ ಇದ್ದರೂ ಆಪ್ ಏಳುವುದಿಲ್ಲ, ದೋಷ ಅಂತಲೂ ಎಲ್ಲೂ ಹೇಳುವುದಿಲ್ಲ.

ಪೇಲೋಡ್‌ನ ಮೊದಲ ಬೈಟ್‌ನಲ್ಲಿ ಒಂದು ಆವೃತ್ತಿ ಸಂಖ್ಯೆ ಇಡಿ. ಟ್ಯಾಗ್‌ಗಳು ಗೋಡೆಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತವೆ, ಆಪ್ ಮಾತ್ರ ಬದಲಾಗುತ್ತಾ ಹೋಗುತ್ತದೆ. ಹಳೆಯ ಟ್ಯಾಗ್ ಯಾವ ರೀತಿಯಲ್ಲಿ ಬರೆದದ್ದು ಅಂತ ಆಮೇಲೆ ಊಹೆ ಮಾಡುವ ಪಾಡು ಬೇಡ ಅಲ್ವಾ?

## ಟ್ಯಾಗ್ ತಾಗಿಸಿದರೆ ನನ್ನ ಆಪ್ ಬಿಟ್ಟು ಬೇರೆ ಏನೋ ತೆರೆಯುತ್ತದೆ. ಯಾಕೆ?

ಆಂಡ್ರಾಯ್ಡ್ ಟ್ಯಾಗ್ ಕಂಡಾಗ ಮೂರು ಹಂತದಲ್ಲಿ ಆಪ್ ಹುಡುಕುತ್ತದೆ. ಮೊದಲು ಎನ್‌ಡಿಇಎಫ್ ಡಿಸ್ಕವರ್ಡ್ ಇಂಟೆಂಟ್ (ಇಂಟೆಂಟ್ ಅಂದರೆ ಆಪ್‌ಗೆ ತಲುಪುವ ಕೋರಿಕೆ). ಅದಕ್ಕೆ ಯಾರೂ ಸಿಗದಿದ್ದರೆ, ಅಥವಾ ಮೆಸೇಜನ್ನು ಮೈಮ್‌ಗೋ ಯುಆರ್‌ಐಗೋ ಹೊಂದಿಸಲು ಆಗದಿದ್ದರೆ, ಟೆಕ್ ಡಿಸ್ಕವರ್ಡ್. ಅದೂ ಇಲ್ಲದಿದ್ದರೆ ಟ್ಯಾಗ್ ಡಿಸ್ಕವರ್ಡ್.

ಮುಖ್ಯವಾದ ಮಾತು: ಮೊದಲ ಹಂತದಲ್ಲಿ ನೋಡುವುದು ಮೆಸೇಜ್‌ನ ಮೊದಲ ರೆಕಾರ್ಡನ್ನು ಮಾತ್ರ. ನಿಮ್ಮ ರೆಕಾರ್ಡ್ ಎರಡನೆಯದಾಗಿದ್ದರೆ ಫಿಲ್ಟರ್ ಎಷ್ಟೇ ಸರಿ ಇದ್ದರೂ ಪ್ರಯೋಜನ ಇಲ್ಲ. ಆಪ್‌ನ ವಿವರ ಇರುವ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಡೀಫಾಲ್ಟ್ ಕೆಟಗರಿ ಬರೆಯಲು ಮರೆತರೂ ಇದೇ ಗತಿ.

ವೆಬ್ ವಿಳಾಸದ ಟ್ಯಾಗ್‌ಗಳ ವಿಷಯದಲ್ಲಿ ಆಂಡ್ರಾಯ್ಡ್ 16ರಿಂದ ಒಂದು ಬದಲಾವಣೆ ಆಗಿದೆ. ‘ಎಚ್‌ಟಿಟಿಪಿ’, ‘ಎಚ್‌ಟಿಟಿಪಿಎಸ್’ ವಿಳಾಸ ಇದ್ದರೆ ಎನ್‌ಡಿಇಎಫ್ ಡಿಸ್ಕವರ್ಡ್ ಬದಲು ಸಾಮಾನ್ಯ ಆ್ಯಕ್ಷನ್ ವ್ಯೂ ಇಂಟೆಂಟ್ ಬರುತ್ತದೆ. ವಿಳಾಸದ ಮೂಲಕ ಆಪ್ ತೆರೆಯಬೇಕು ಅನ್ನುವವರು ಎರಡಕ್ಕೂ ಫಿಲ್ಟರ್ ಹಾಕಿ, ಜೊತೆಗೆ ಡೊಮೇನ್ ನಿಮ್ಮದೇ ಅಂತ ತೋರಿಸುವ ಆಪ್ ಲಿಂಕ್ಸ್ ದೃಢೀಕರಣವನ್ನೂ ಮಾಡಿಕೊಳ್ಳಿ. ಹಳೆಯ ಪಾಠಗಳಲ್ಲಿ ಈ ಮಾತು ಸಿಗುವುದಿಲ್ಲ.

## ಆಂಡ್ರಾಯ್ಡ್ ಅಪ್ಲಿಕೇಶನ್ ರೆಕಾರ್ಡ್ ಹಾಕಬೇಕಾ?

ಆಪ್ ನಿಮ್ಮದೇ, ಟ್ಯಾಗೂ ನಿಮ್ಮದೇ ಆದರೆ ಹಾಕಿ. ಅದರಲ್ಲಿ ನಿಮ್ಮ ಪ್ಯಾಕೇಜ್ ಹೆಸರು ಇರುತ್ತದೆ. ಆಪ್ ಇದ್ದರೆ ಅದೇ ತೆರೆಯುತ್ತದೆ, ಇಲ್ಲದಿದ್ದರೆ ಪ್ಲೇ ಸ್ಟೋರ್‌ಗೆ ಕರೆದೊಯ್ಯುತ್ತದೆ. ಆಂಡ್ರಾಯ್ಡ್ 4.0ರಿಂದ ಈ ಸೌಲಭ್ಯ ಇದೆ. ಅದನ್ನು ಮೆಸೇಜ್‌ನ ಕೊನೆಯಲ್ಲಿ ಇಡಿ, ಮೊದಲ ಜಾಗ ನಿಮ್ಮ ಡೇಟಾಗೆ ಬೇಕು. ಇದು ಆಪ್ ತೆರೆಯುವ ದಾರಿ ಮಾತ್ರ. ಟ್ಯಾಗ್ ಅಸಲಿಯಾ ನಕಲಿಯಾ ಅಂತ ಇದರಿಂದ ಗೊತ್ತಾಗುವುದಿಲ್ಲ.

## ಫೋರ್‌ಗ್ರೌಂಡ್ ಡಿಸ್ಪ್ಯಾಚ್, ರೀಡರ್ ಮೋಡ್: ಎರಡರಲ್ಲಿ ಯಾವುದು?

ಆಪ್ ತೆರೆದಿರುವಾಗ ಟ್ಯಾಗ್ ಓದುವುದಾದರೆ ರೀಡರ್ ಮೋಡ್. ಆಂಡ್ರಾಯ್ಡ್ 4.4ರಿಂದ ಇದೆ.

ಫೋರ್‌ಗ್ರೌಂಡ್ ಡಿಸ್ಪ್ಯಾಚ್‌ನಲ್ಲಿ ಟ್ಯಾಗ್ ಇಂಟೆಂಟ್ ಆಗಿ ಬರುತ್ತದೆ. ಆಕ್ಟಿವಿಟಿ (ಆಪ್‌ನ ಪರದೆ) ಒಂದು ಕ್ಷಣ ಪಾಜ್ ಆಗಿ ಮತ್ತೆ ರೆಸ್ಯೂಮ್ ಆಗುತ್ತದೆ. ಪರದೆಯಲ್ಲಿ ಬಳಕೆದಾರರು ಏನಾದರೂ ಟೈಪ್ ಮಾಡುತ್ತಿದ್ದರೆ, ಕ್ಯಾಮೆರಾ ಓಡುತ್ತಿದ್ದರೆ ಈ ತಡೆ ಕಿರಿಕಿರಿ ತರುತ್ತದೆ. ರೀಡರ್ ಮೋಡ್‌ನಲ್ಲಿ ಹಾಗಿಲ್ಲ. ನೇರವಾಗಿ ಕಾಲ್‌ಬ್ಯಾಕ್ ಬರುತ್ತದೆ, ಆಕ್ಟಿವಿಟಿ ಅಲುಗಾಡುವುದಿಲ್ಲ. ಫೋನ್ ಮಾಡುವ ‘ಟಿಂಗ್’ ಸದ್ದನ್ನೂ ನಿಲ್ಲಿಸಿ, ಓದುವ ಕೆಲಸ ನಿಜಕ್ಕೂ ಮುಗಿದ ಮೇಲೆ ನಿಮ್ಮದೇ ಸದ್ದು ಮಾಡಬಹುದು. ಈ ಕೊನೆಯ ಸೌಲಭ್ಯಕ್ಕೇ ನಾನು ರೀಡರ್ ಮೋಡ್ ಆರಿಸುತ್ತೇನೆ. ಸಿಸ್ಟಂ ಸದ್ದು ಕೇಳಿದ ಕೂಡಲೇ ಜನ ಕೆಲಸ ಆಯಿತು ಅಂತ ಫೋನ್ ತೆಗೆದುಬಿಡುತ್ತಾರೆ. ಬರೆಯುವ ಕೆಲಸ ಆಗ ಇನ್ನೂ ಅರ್ಧದಲ್ಲಿರುತ್ತದೆ.

ಎರಡು ವಿಷಯ ನೆನಪಿಡಿ. ಕಾಲ್‌ಬ್ಯಾಕ್ ಬರುವುದು ಮುಖ್ಯ ಥ್ರೆಡ್‌ನಲ್ಲಿ ಅಲ್ಲ. ಅಲ್ಲೇ ಟ್ಯಾಗ್ ಓದಬಹುದು, ಆದರೆ ಪರದೆ ಬದಲಿಸಲು ಮುಖ್ಯ ಥ್ರೆಡ್‌ಗೆ ಹೋಗಬೇಕು. ಇನ್ನೊಂದು, ಎನ್‌ಡಿಇಎಫ್ ತಪಾಸಣೆ ಬೇಡ ಅನ್ನುವ ಫ್ಲ್ಯಾಗ್ ಹಾಕಿದರೆ ಎನ್‌ಡಿಇಎಫ್ ವಸ್ತು ಕೇಳಿದಾಗ ನಲ್ ಬರುತ್ತದೆ. ಮೆಸೇಜ್ ಬೇಕಿದ್ದರೆ ಆ ಫ್ಲ್ಯಾಗ್ ಹಾಕಬೇಡಿ.

## ಫೋರ್‌ಗ್ರೌಂಡ್ ಡಿಸ್ಪ್ಯಾಚ್‌ನಲ್ಲಿ ಇಂಟೆಂಟ್ ಬರುತ್ತದೆ, ಆದರೆ ಮೆಸೇಜ್ ಖಾಲಿ. ಏನು ತಪ್ಪಾಗಿದೆ?

ಪೆಂಡಿಂಗ್ ಇಂಟೆಂಟ್, ಅಂದರೆ ಆಮೇಲೆ ಬಳಸಲು ಸಿಸ್ಟಂಗೆ ನೀವು ಮೊದಲೇ ಕೊಟ್ಟಿಟ್ಟ ಇಂಟೆಂಟ್ ನೋಡಿ. ಆಂಡ್ರಾಯ್ಡ್ 12ನ್ನು ಗುರಿಯಾಗಿಟ್ಟ ಆಪ್‌ಗಳು ಅದನ್ನು ಬದಲಿಸಬಹುದೋ ಬಾರದೋ ಅಂತ ಹೇಳಲೇಬೇಕು. ಎಚ್ಚರಿಕೆ ಬಂದಾಗ ಹಲವರು ಇಮ್ಯೂಟಬಲ್ ಅಂತ ಹಾಕಿ ಮುಂದೆ ಹೋಗುತ್ತಾರೆ. ಬೇರೆ ಬಹುತೇಕ ಕಡೆ ಅದೇ ಸರಿ. ಇಲ್ಲಿ ಮಾತ್ರ ಅಲ್ಲ, ಏಕೆಂದರೆ ಟ್ಯಾಗ್ ಮತ್ತು ಮೆಸೇಜನ್ನು ಆ ಇಂಟೆಂಟ್ ಒಳಗೆ ತುಂಬುವುದು ಸಿಸ್ಟಂ. ಮ್ಯೂಟಬಲ್ ಅಂತ ಹಾಕಿ, ಒಳಗಿನ ಇಂಟೆಂಟ್‌ನಲ್ಲಿ ನಿಮ್ಮ ಆಕ್ಟಿವಿಟಿಯ ಹೆಸರನ್ನು ನೇರವಾಗಿ ಬರೆಯಿರಿ.

## ಪ್ರತಿ ಸಲ ತಾಗಿಸಿದಾಗ ಹೊಸ ಪರದೆ ತೆರೆಯುತ್ತಾ ಹೋಗುತ್ತದೆ.

ಆಕ್ಟಿವಿಟಿಗೆ ಸಿಂಗಲ್‌ಟಾಪ್ ಹಾಕಿ. ಆಗ ಹೊಸ ಇಂಟೆಂಟ್ ಆನ್‌ನ್ಯೂಇಂಟೆಂಟ್‌ಗೆ ಬರುತ್ತದೆ. ಆಪ್ ಮೊದಲ ಸಲ ಟ್ಯಾಗ್‌ನಿಂದಲೇ ತೆರೆದರೆ ಅದೇ ಇಂಟೆಂಟ್ ಆನ್‌ಕ್ರಿಯೇಟ್‌ನಲ್ಲಿ ಸಿಗುತ್ತದೆ. ಎರಡೂ ದಾರಿಗಳು ಒಂದೇ ಫಂಕ್ಷನ್‌ಗೆ ಹೋಗುವಂತೆ ಮಾಡಿ. ಫೋನ್ ಅಡ್ಡ ಮಾಡಿದಾಗ ಹಳೆಯ ಇಂಟೆಂಟ್ ಮತ್ತೆ ಓಡದಂತೆ ನೋಡಿಕೊಳ್ಳಿ. ಹಾಜರಿ ಹಾಕುವ ಆಪ್‌ನಲ್ಲಿ ಇದು ತಪ್ಪಿದರೆ ಒಬ್ಬರದೇ ಎರಡು ಹಾಜರಿ ಬೀಳುತ್ತದೆ.

## ‘ಟ್ಯಾಗ್ ಲಾಸ್ಟ್’ ದೋಷವನ್ನು ನಿಲ್ಲಿಸುವುದು ಹೇಗೆ?

ನಿಲ್ಲಿಸಲು ಆಗುವುದಿಲ್ಲ. ಕೈ ಅಲುಗುತ್ತದೆ, ಫೋನ್ ಸರಿಯುತ್ತದೆ. ಇದನ್ನು ಅಪರೂಪದ ದೋಷ ಅಂತ ನೋಡದೆ ದಿನನಿತ್ಯದ ಘಟನೆ ಅಂತಲೇ ಕೋಡ್ ಬರೆಯಿರಿ. ಟ್ಯಾಗ್ ಜೊತೆ ಮಾತಾಡುವ ಸಮಯ ಕಡಿಮೆ ಮಾಡಿ. ಕನೆಕ್ಟ್, ಓದು ಅಥವಾ ಬರೆ, ಕ್ಲೋಸ್, ಅಷ್ಟೆ. ನಡುವೆ ಸರ್ವರ್‌ಗೆ ಹೋಗುವುದು, ಡೇಟಾಬೇಸ್ ತೆರೆಯುವುದು, ಬಳಕೆದಾರರನ್ನು ‘ಸರೀನಾ?’ ಅಂತ ಕೇಳುವುದು ಯಾವುದೂ ಬೇಡ. ಬರೆಯಬೇಕಾದ ಮೆಸೇಜ್ ಟ್ಯಾಗ್ ಬರುವ ಮೊದಲೇ ತಯಾರಾಗಿರಲಿ.

ಟ್ಯಾಗ್ ಹೋದರೆ ಹಳೆಯ ಟ್ಯಾಗ್ ವಸ್ತುವನ್ನೇ ಹಿಡಿದು ಮತ್ತೆ ಪ್ರಯತ್ನಿಸಬೇಡಿ. ಮತ್ತೆ ತಾಗಿಸಿದಾಗ ಹೊಸ ವಸ್ತು ಬರುತ್ತದೆ, ಹಳೆಯದು ಸತ್ತಂತೆ. ‘ಟ್ಯಾಗ್ ಈಸ್ ಔಟ್ ಆಫ್ ಡೇಟ್’ ಅನ್ನುವ ಸೆಕ್ಯುರಿಟಿ ಎಕ್ಸೆಪ್ಶನ್ ಬರುವುದು ಇದರಿಂದಲೇ. ಬಳಕೆದಾರರಿಗೆ ‘ಫೋನನ್ನು ಇನ್ನೊಮ್ಮೆ ತಾಗಿಸಿ, ಸ್ವಲ್ಪ ಹೊತ್ತು ಅಲ್ಲೇ ಹಿಡಿಯಿರಿ’ ಅನ್ನಿ. ಬರೀ ‘ದೋಷ’ ಅಂದರೆ ಅವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

ಈ ಎಲ್ಲ ಮಾತುಕತೆ ಮುಖ್ಯ ಥ್ರೆಡ್‌ನಲ್ಲಿ ನಡೆಯಬಾರದು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

## ಕ್ಯಾಶ್ ಆದ ಮೆಸೇಜ್ ಓದಲಾ, ಟ್ಯಾಗ್‌ನಿಂದ ಮತ್ತೆ ಓದಲಾ?

ಟ್ಯಾಗ್ ಕಂಡಾಗಲೇ ಸಿಸ್ಟಂ ಒಂದು ಸಲ ಮೆಸೇಜ್ ಓದಿರುತ್ತದೆ. ಅದೇ ಕ್ಯಾಶ್ ಆದ ಮೆಸೇಜ್. ಅದನ್ನು ಪಡೆಯಲು ಕನೆಕ್ಟ್ ಬೇಕಿಲ್ಲ, ಟ್ಯಾಗ್ ಸರಿದು ಹೋಗಿದ್ದರೂ ಸಿಗುತ್ತದೆ. ಬರೀ ಓದುವ ಆಪ್‌ಗೆ ಇದೇ ಸಾಕು. ಬರೆದ ಮೇಲೆ ಸರಿಯಾಗಿ ಕೂತಿದೆಯಾ ಅಂತ ನೋಡಲು ಮಾತ್ರ ಟ್ಯಾಗ್‌ನಿಂದ ಹೊಸದಾಗಿ ಓದಿ. ಕ್ಯಾಶ್‌ನಲ್ಲಿ ಹಳೆಯದೇ ಇರುತ್ತದೆ. ಖಾಲಿ ಟ್ಯಾಗ್ ಆದರೆ ನಲ್ ಬರಬಹುದು, ಅದನ್ನೂ ನೋಡಿಕೊಳ್ಳಿ.

## ಟ್ಯಾಗ್‌ಗೆ ಬರೆಯುವಾಗ ಏನೇನು ನೋಡಬೇಕು?

ಮೊದಲು ಎನ್‌ಡಿಇಎಫ್ ವಸ್ತು ಸಿಗುತ್ತಾ ನೋಡಿ. ಸಿಗದಿದ್ದರೆ ಟ್ಯಾಗ್ ಇನ್ನೂ ಫಾರ್ಮ್ಯಾಟ್ ಆಗಿಲ್ಲದಿರಬಹುದು. ಎನ್‌ಡಿಇಎಫ್ ಫಾರ್ಮ್ಯಾಟಬಲ್ ಸಿಕ್ಕರೆ ಫಾರ್ಮ್ಯಾಟ್ ಮಾಡುತ್ತಲೇ ಮೆಸೇಜ್ ಬರೆಯಬಹುದು. ಎರಡೂ ಇಲ್ಲದಿದ್ದರೆ ಆ ಟ್ಯಾಗ್ ಈ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಬರೆಯಲು ಬಿಡುತ್ತದಾ, ಜಾಗ ಸಾಕಾ ಅಂತ ಇಸ್‌ರೈಟಬಲ್, ಗೆಟ್‌ಮ್ಯಾಕ್ಸ್‌ಸೈಜ್ ಕೇಳಿ. ಚಿಪ್‌ನ ಹೆಸರು ನೋಡಿ ಗಾತ್ರ ಊಹಿಸಬೇಡಿ.

ಅರ್ಧ ಬರೆದಾಗ ಟ್ಯಾಗ್ ಸರಿದರೆ ಏನಾಗುತ್ತದೆ ಅನ್ನುವ ಭಯ ಸಹಜ. ಎನ್‌ಎಫ್‌ಸಿ ಫೋರಂ ನಿಯಮದ ಪ್ರಕಾರ ಬರೆಯುವ ಕ್ರಮ ಹೀಗಿದೆ: ಮೊದಲು ಉದ್ದವನ್ನು 0 ಮಾಡಬೇಕು, ಆಮೇಲೆ ಡೇಟಾ ಬರೆಯಬೇಕು, ಕೊನೆಗೆ ಸರಿಯಾದ ಉದ್ದ ಬರೆಯಬೇಕು. ಹಾಗಾಗಿ ನಡುವೆ ನಿಂತರೆ ಟ್ಯಾಗ್ ಖಾಲಿಯಂತೆ ಕಾಣುತ್ತದೆ, ಕಲಸಿದ ಮೆಸೇಜ್ ಬರುವುದಿಲ್ಲ. ಆದರೆ ಹಳೆಯ ಮೆಸೇಜೂ ಹೋಗಿರುತ್ತದೆ. ಅದು ಬೇಕಾದದ್ದಾದರೆ ಬರೆಯುವ ಮೊದಲೇ ಫೋನ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.

ಮೇಕ್‌ರೀಡ್‌ಓನ್ಲಿ ಕರೆಯುವ ಮೊದಲು ಎರಡು ಸಲ ಯೋಚಿಸಿ. ಲಾಕ್ ಬಿಟ್‌ಗಳು ಒಮ್ಮೆ ಬಿದ್ದರೆ ಮತ್ತೆ ತೆಗೆಯಲು ಆಗುವುದಿಲ್ಲ. ಬಳಕೆದಾರರಿಗೂ ಅದನ್ನು ಸ್ಪಷ್ಟವಾಗಿ ಹೇಳಿ ಒಪ್ಪಿಗೆ ಪಡೆಯಿರಿ. ಆದರೆ ಜನ ಓಡಾಡುವ ಜಾಗದಲ್ಲಿ ಅಂಟಿಸುವ ಟ್ಯಾಗನ್ನು ಲಾಕ್ ಮಾಡದೆ ಬಿಡಬೇಡಿ. ಯಾರು ಬೇಕಾದರೂ ತಮ್ಮ ಫೋನ್‌ನಿಂದ ಅದನ್ನು ಬದಲಿಸಬಹುದು.

## ಟ್ಯಾಗ್‌ನಿಂದ ಬಂದ ಡೇಟಾವನ್ನು ನಂಬಬಹುದಾ?

ನಂಬಬೇಡಿ. ಟ್ಯಾಗ್ ಅಂದರೆ ಗೋಡೆ ಮೇಲಿನ ಬರಹದ ಹಾಗೆ. ಏನು ಬರೆದಿದೆ ಅಂತ ಕಾಣುತ್ತದೆ, ಯಾರು ಬರೆದರು ಅಂತ ಗೋಡೆ ಹೇಳುವುದಿಲ್ಲ.

ಸಾಮಾನ್ಯ ಎನ್‌ಡಿಇಎಫ್ ಮೆಸೇಜ್‌ಗೆ ಗುಟ್ಟೂ ಇಲ್ಲ, ಸಹಿಯೂ ಇಲ್ಲ. ಓದಿದ ಯಾರೇ ಆದರೂ ಇನ್ನೊಂದು ಟ್ಯಾಗ್‌ಗೆ ಹಾಗೇ ನಕಲು ಮಾಡಬಹುದು. ‘ಟ್ಯಾಗ್‌ನ ಯುಐಡಿ (ಚಿಪ್‌ನ ಸ್ವಂತ ಸಂಖ್ಯೆ) ನೋಡಿ ಗುರುತಿಸುತ್ತೇವೆ’ ಅನ್ನುವವರೂ ಇದ್ದಾರೆ. ಯುಐಡಿ ಬದಲಿಸಬಹುದಾದ ಟ್ಯಾಗ್‌ಗಳು ಸಿಗುತ್ತವೆ, ಹಾಗಾಗಿ ಅದೂ ಪುರಾವೆ ಅಲ್ಲ. ಬಾಗಿಲು ತೆರೆಯುವುದು, ಹಣ ಕಳಿಸುವುದು, ಹಾಜರಿ ಹಾಕುವುದು ಮುಂತಾದ ಕೆಲಸವನ್ನು ಬರೀ ಮೆಸೇಜ್ ಓದಿ ಮಾಡಬೇಡಿ. ಅಂಥ ಕಡೆ ಪ್ರತಿ ಓದಿಗೂ ಹೊಸ ಸಂಕೇತ ಹುಟ್ಟಿಸುವ ಚಿಪ್ ಬೇಕು. ಎನ್‌ಟ್ಯಾಗ್ 424 ಡಿಎನ್‌ಎ ಅಂಥದ್ದು. ಅದರೊಳಗೆ ಎಇಎಸ್-128 ಕೀ ಇರುತ್ತದೆ, ಪ್ರತಿ ಸಲ ತಾಗಿಸಿದಾಗಲೂ ವಿಳಾಸದೊಳಗಿನ ಸಂಕೇತ ಬದಲಾಗುತ್ತದೆ. ಅದನ್ನು ಪರೀಕ್ಷಿಸಬೇಕಾದ್ದು ಸರ್ವರ್‌ನಲ್ಲಿ. ಕೀಯನ್ನು ಆಪ್ ಒಳಗೆ ಇಟ್ಟರೆ ಎಲ್ಲ ವ್ಯರ್ಥ.

ಯುಆರ್‌ಐ ಬಂದರೆ ಕಣ್ಣು ಮುಚ್ಚಿ ತೆರೆಯಬೇಡಿ. ಸ್ಕೀಮ್ ಯಾವುದು, ಹೋಸ್ಟ್ ನಿಮ್ಮದೇನಾ ನೋಡಿ. ‘ಶುರುವಾಗುವ ಅಕ್ಷರಗಳು ಹೊಂದುತ್ತವಾ’ ಅಂತ ನೋಡಿದರೆ ಸಾಲದು, ನಿಮ್ಮ ಡೊಮೇನ್ ಹೆಸರಿನ ಕೊನೆಗೆ ಬೇರೆ ಹೆಸರು ಅಂಟಿಸಿದ ವಿಳಾಸವೂ ಆ ಪರೀಕ್ಷೆ ದಾಟುತ್ತದೆ. ಹೋಸ್ಟನ್ನು ಪೂರ್ತಿ ಹೋಲಿಸಿ. ಪರಿಚಯವಿಲ್ಲದ ವಿಳಾಸವನ್ನು ಬಳಕೆದಾರರಿಗೆ ತೋರಿಸಿ, ಅವರು ಒತ್ತಿದ ಮೇಲೆ ತೆರೆಯಿರಿ. ಪೇಲೋಡ್‌ನ ಉದ್ದ, ಆವೃತ್ತಿ, ಒಳಗಿನ ಸಂಖ್ಯೆಗಳ ಮಿತಿ ಎಲ್ಲವನ್ನೂ ಪರೀಕ್ಷಿಸಿ. ಮ್ಯಾನಿಫೆಸ್ಟ್‌ನಲ್ಲಿ ಫಿಲ್ಟರ್ ಹಾಕಿದ ಆಕ್ಟಿವಿಟಿಗೆ ಬೇರೆ ಆಪ್‌ಗಳೂ ಇಂಟೆಂಟ್ ಕಳಿಸಬಹುದು ಅನ್ನುವುದು ನೆನಪಿರಲಿ. ಅಂದರೆ ಟ್ಯಾಗೇ ಇಲ್ಲದೆ ಮೆಸೇಜ್ ಬರಬಹುದು.

## ಐಫೋನ್‌ನಲ್ಲಿ ಏನು ವ್ಯತ್ಯಾಸ?

ಐಫೋನ್‌ನ ಎನ್‌ಎಫ್‌ಸಿ ಲೈಬ್ರರಿಯಾದ ಕೋರ್ ಎನ್‌ಎಫ್‌ಸಿ ಬಂದದ್ದು 2017ರಲ್ಲಿ, ಐಒಎಸ್ 11ರ ಜೊತೆ. ಐಫೋನ್ 7 ಮತ್ತು ಆಮೇಲಿನ ಫೋನ್‌ಗಳಲ್ಲಿ ನಡೆಯುತ್ತದೆ. ಮೊದಲು ಓದಲು ಮಾತ್ರ ಬಿಡುತ್ತಿತ್ತು, ಬರೆಯುವುದು ಐಒಎಸ್ 13ರಿಂದ.

ಆಪ್ ಒಳಗೆ ಓದಬೇಕಾದರೆ ನೀವೇ ಸೆಷನ್ ಶುರು ಮಾಡಬೇಕು. ಸಿಸ್ಟಂನ ಒಂದು ಹಾಳೆ ಕೆಳಗಿನಿಂದ ಮೇಲೆ ಬರುತ್ತದೆ. ಸೆಷನ್‌ಗೆ 60 ಸೆಕೆಂಡ್ ಮಿತಿ ಇದೆ. ಇನ್ಫೋ ಪಿಲಿಸ್ಟ್‌ನಲ್ಲಿ ಬಳಕೆಯ ಕಾರಣ ಬರೆಯದಿದ್ದರೆ ಆಪ್ ಬೀಳುತ್ತದೆ. ಎಂಟೈಟಲ್‌ಮೆಂಟ್ (ಈ ಸೌಲಭ್ಯ ಬಳಸಲು ಆಪ್‌ಗೆ ಬೇಕಾದ ಅನುಮತಿ) ಕೂಡ ಬೇಕು. ಬಳಕೆದಾರರು ರದ್ದು ಒತ್ತಿದರೂ, ಮೊದಲ ಟ್ಯಾಗ್ ಓದಿ ಸೆಷನ್ ತಾನಾಗಿ ಮುಗಿದರೂ ನಿಮಗೆ ಬರುವುದು ‘ಎರರ್’ ಕಾಲ್‌ಬ್ಯಾಕೇ. ಈ ಎರಡಕ್ಕೂ ದೋಷದ ಪೆಟ್ಟಿಗೆ ತೋರಿಸಬೇಡಿ, ಅವು ದೋಷ ಅಲ್ಲ.

ಆಪ್ ತೆರೆಯದೆಯೂ ಓದುವ ಸೌಲಭ್ಯ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಮುಂದಿನವುಗಳಲ್ಲಿ ಇದೆ. ಆದರೆ ಅದು ಮೆಸೇಜ್‌ನಲ್ಲಿ ಯುಆರ್‌ಐ ರೆಕಾರ್ಡನ್ನೇ ಹುಡುಕುತ್ತದೆ. ನಿಮ್ಮ ಎಕ್ಸ್‌ಟರ್ನಲ್ ರೆಕಾರ್ಡ್ ನೋಡಿ ಆಪ್ ಏಳುವುದಿಲ್ಲ. ಯುನಿವರ್ಸಲ್ ಲಿಂಕ್ ಆಗಿರುವ, ಅಂದರೆ ನಿಮ್ಮ ಆಪ್‌ಗೆ ಜೋಡಿಸಿದ ವೆಬ್ ವಿಳಾಸ ಬೇಕು. ಕ್ಯಾಮೆರಾ ಬಳಕೆಯಲ್ಲಿದ್ದಾಗ, ಏರ್‌ಪ್ಲೇನ್ ಮೋಡ್‌ನಲ್ಲಿದ್ದಾಗ ಇದು ನಡೆಯುವುದಿಲ್ಲ.

ಎರಡೂ ಬಗೆಯ ಫೋನ್‌ಗಳಿಗೆ ಒಂದೇ ಟ್ಯಾಗ್ ಬೇಕಾದರೆ ಈ ಕ್ರಮ ಹಿಡಿಯಿರಿ: ಮೊದಲು ನಿಮ್ಮ ಡೊಮೇನ್‌ನ ‘ಎಚ್‌ಟಿಟಿಪಿಎಸ್’ ವಿಳಾಸ, ಆಮೇಲೆ ಬೇಕಿದ್ದರೆ ನಿಮ್ಮ ಎಕ್ಸ್‌ಟರ್ನಲ್ ರೆಕಾರ್ಡ್, ಕೊನೆಗೆ ಆಂಡ್ರಾಯ್ಡ್ ಅಪ್ಲಿಕೇಶನ್ ರೆಕಾರ್ಡ್. ಆಪ್ ಇಲ್ಲದವರಿಗೂ ಆ ವಿಳಾಸ ಒಂದು ವೆಬ್ ಪುಟಕ್ಕೆ ಕರೆದೊಯ್ಯುವಂತಿರಲಿ.

## ಎರಡು ಫೋನ್‌ಗಳನ್ನು ತಾಗಿಸಿ ಮೆಸೇಜ್ ಕಳಿಸಬಹುದಾ?

ಆಂಡ್ರಾಯ್ಡ್ ಬೀಮ್ ಹಿಂದೆ ಅದನ್ನೇ ಮಾಡುತ್ತಿತ್ತು. ಆಂಡ್ರಾಯ್ಡ್ 10ರಲ್ಲಿ ಅದನ್ನು ಬಳಕೆಯಿಂದ ಹಿಂದೆ ಸರಿಸಿದರು, 14ರಲ್ಲಿ ತೆಗೆದೇಬಿಟ್ಟರು. ಹಳೆಯ ಉದಾಹರಣೆ ಕೋಡ್‌ನಲ್ಲಿ ಸೆಟ್‌ಎನ್‌ಡಿಇಎಫ್‌ಪುಶ್‌ಮೆಸೇಜ್ ಕಂಡರೆ ಆ ಪುಟ ಮುಚ್ಚಿ. ಫೋನೇ ಟ್ಯಾಗ್‌ನಂತೆ ನಟಿಸಬೇಕಾದರೆ ಹೋಸ್ಟ್ ಕಾರ್ಡ್ ಎಮ್ಯುಲೇಶನ್ ಇದೆ. ಅದರಲ್ಲಿ ಟೈಪ್ 4 ಟ್ಯಾಗ್‌ನ ಕಮಾಂಡ್‌ಗಳಿಗೆ ನೀವೇ ಉತ್ತರ ಕೊಡಬೇಕು. ಕೆಲಸ ಜಾಸ್ತಿ, ಆದರೆ ಆಗುತ್ತದೆ.

## ಎಮ್ಯುಲೇಟರ್‌ನಲ್ಲಿ ಎನ್‌ಎಫ್‌ಸಿ ಇಲ್ಲ. ಟೆಸ್ಟ್ ಮಾಡುವುದು ಹೇಗೆ?

ಕೋಡನ್ನು ಎರಡಾಗಿ ಬೇರ್ಪಡಿಸಿ. ಟ್ಯಾಗ್‌ನಿಂದ ಬೈಟ್ ತರುವ ಭಾಗ ಒಂದು. ಬೈಟ್ ನೋಡಿ ಅರ್ಥ ಮಾಡುವ ಭಾಗ ಇನ್ನೊಂದು. ಎರಡನೆಯ ಭಾಗಕ್ಕೆ ಆಂಡ್ರಾಯ್ಡ್ ಗೊತ್ತೇ ಇರಬಾರದು, ಬೈಟ್ ಸಾಲು ಕೊಟ್ಟರೆ ನಿಮ್ಮ ಡೇಟಾ ಅಥವಾ ದೋಷ ಕೊಡಬೇಕು. ಆಗ ಸಾಮಾನ್ಯ ಯೂನಿಟ್ ಟೆಸ್ಟ್‌ನಲ್ಲೇ ಎಲ್ಲ ಪರೀಕ್ಷಿಸಬಹುದು.

ಒಳ್ಳೆಯ ಮೆಸೇಜ್ ಜೊತೆಗೆ ಕೆಟ್ಟವನ್ನೂ, ಅಪರೂಪದವನ್ನೂ ಕೊಡಿ. ಪೇಲೋಡ್ ಶೂನ್ಯ ಉದ್ದದ್ದು, ಭಾಷೆಯ ಕೋಡ್‌ನ ಉದ್ದ 63 ಅಂತ ಹೇಳಿ ಮೂರೇ ಬೈಟ್ ಇರುವಂಥದ್ದು, 255 ಬೈಟ್ ದಾಟಿ ಉದ್ದಕ್ಕೆ ನಾಲ್ಕು ಬೈಟ್ ಬಳಸಿದ್ದು, ಮುಂದಿನ ಆವೃತ್ತಿಯ ಸಂಖ್ಯೆ ಹಾಕಿದ್ದು, ಕನ್ನಡದ ಮಾತು ನಡುವೆ ತುಂಡಾದದ್ದು. ಈ ಟೆಸ್ಟ್‌ಗಳು ಬರೆಯಲು ಹೆಚ್ಚು ಹೊತ್ತು ಬೇಕಿಲ್ಲ, ಆದರೆ ಹೊರಗೆ ಆಗುವ ಕ್ರ್ಯಾಶ್‌ಗಳನ್ನು ಇವೇ ತಡೆಯುತ್ತವೆ.

ಆಮೇಲೆ ನಿಜವಾದ ಫೋನ್, ನಿಜವಾದ ಟ್ಯಾಗ್. ಆಂಟೆನಾ ಇರುವ ಜಾಗ ಒಂದೊಂದು ಫೋನ್‌ನಲ್ಲಿ ಒಂದೊಂದು ಕಡೆ. ಎರಡು ಮೂರು ಬೇರೆ ಬೇರೆ ಫೋನ್‌ಗಳಲ್ಲಿ ನೋಡಿ. ದಪ್ಪ ಕವರ್ ಹಾಕಿಯೂ ನೋಡಿ.

## ಲೋಹದ ಮೇಲೆ ಅಂಟಿಸಿದ ಟ್ಯಾಗ್ ಓದುತ್ತಿಲ್ಲ.

ಕೋಡ್‌ನಲ್ಲಿ ಹುಡುಕಬೇಡಿ. ಲೋಹ ಆ ಕಾಂತಕ್ಷೇತ್ರವನ್ನು ಕೆಡಿಸುತ್ತದೆ. ಹಿಂಬದಿಗೆ ಫೆರೈಟ್ ಪದರ ಇರುವ, ಲೋಹಕ್ಕೆಂದೇ ಮಾಡಿದ ಟ್ಯಾಗ್ ಕೊಳ್ಳಿ.

## ಫೋನ್‌ನಲ್ಲಿ ಎನ್‌ಎಫ್‌ಸಿ ಇಲ್ಲದಿದ್ದರೆ, ಅಥವಾ ಆಫ್ ಆಗಿದ್ದರೆ?

ಇವು ಎರಡು ಬೇರೆ ಸ್ಥಿತಿ, ಒಂದೇ ಮಾತು ಹೇಳಬೇಡಿ. ಅಡಾಪ್ಟರ್ ನಲ್ ಬಂದರೆ ಫೋನ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಅಡಾಪ್ಟರ್ ಇದ್ದು ಇಸ್‌ಎನೇಬಲ್ಡ್ ಸುಳ್ಳು ಅಂದರೆ ಆಫ್ ಆಗಿದೆ, ಆಗ ನೇರವಾಗಿ ಎನ್‌ಎಫ್‌ಸಿ ಸೆಟ್ಟಿಂಗ್ಸ್ ಪುಟಕ್ಕೆ ಕಳಿಸುವ ಬಟನ್ ಕೊಡಿ. ಆಪ್ ಆನ್ ಮಾಡಿಕೊಡಲು ಆಗುವುದಿಲ್ಲ. ಮ್ಯಾನಿಫೆಸ್ಟ್‌ನಲ್ಲಿ ಎನ್‌ಎಫ್‌ಸಿ ಹಾರ್ಡ್‌ವೇರ್ ಕಡ್ಡಾಯ ಅಂತ ಬರೆದರೆ, ಅದಿಲ್ಲದ ಫೋನ್‌ಗಳಿಗೆ ಪ್ಲೇ ಸ್ಟೋರ್ ನಿಮ್ಮ ಆಪ್ ತೋರಿಸುವುದಿಲ್ಲ. ಟ್ಯಾಗ್ ಇಲ್ಲದೆಯೂ ಆಪ್‌ನಿಂದ ಉಪಯೋಗ ಇದೆ ಅಂದರೆ ಕಡ್ಡಾಯ ಮಾಡದೆ, ಅಂಥವರಿಗೆ ಕ್ಯೂಆರ್ ಕೋಡ್ ಓದುವ ದಾರಿ ಇಡಿ. ಟ್ಯಾಗ್‌ನಲ್ಲಿರುವ ಅದೇ ವಿಳಾಸವನ್ನೇ ಕ್ಯೂಆರ್‌ನಲ್ಲೂ ಮುದ್ರಿಸಿದರೆ ಅರ್ಥ ಮಾಡುವ ಕೋಡ್ ಎರಡಕ್ಕೂ ಒಂದೇ ಸಾಕು.